ಸೊನ್ನೆಗಿಂತ ಕೆಳಗಿನ ಗಾಳಿ

ವಿಷ ಕಾಣೆಯಾಗಿತ್ತು!

ಮೂರು ವಾರದ ಹಿಂದೆ ಅಳತೆಯ ವಿಮಾನ ಕಾರ್ಖಾನೆಯ ಮೇಲೆ ಹಾರಿದಾಗ ನೈಟ್ರೋಜನ್ ಡೈಆಕ್ಸೈಡ್ ತೊಂಬತ್ತು ಇತ್ತು. ಚಿಮಣಿಯ ಬುಡದಲ್ಲಿದ್ದ ಶಾಲೆಯನ್ನು ಮುಚ್ಚಿಸಿದ್ದರು. ನಿನ್ನೆ ಹಾರಿದಾಗ ಬರೀ ಹನ್ನೆರಡು. ಚಿಮಣಿಗಳೋ, ಒಂದು ಗಳಿಗೆಯೂ ಹೊಗೆ ನಿಲ್ಲಿಸಿರಲಿಲ್ಲ. ಈ ಅಂಕಿಯನ್ನು ನಂಬಿದರೆ ನಾಳೆ ಬೆಳಿಗ್ಗೆ ನಾನೂರು ಮಕ್ಕಳು ಮತ್ತೆ ಅಲ್ಲೇ ಕೂತು ಉಸಿರಾಡಬೇಕು.

ಅಳತೆಯ ಉಪಕರಣದ ಮೆಕ್ಯಾನಿಕ್‌ಗೆ ನಿದ್ದೆ ಹತ್ತಲಿಲ್ಲ. ಅಂಕಿ ಬರೆದವಳು ಅವಳೇ, ಬೆಳಗಾಗುತ್ತಲೇ ದೂರು ಕೊಟ್ಟವಳೂ ಅವಳೇ.

ಮಧ್ಯಾಹ್ನ ತನಿಖಾಧಿಕಾರಿ ವಿಮಾನ ನಿಲ್ಲಿಸುವ ಹ್ಯಾಂಗರಿಗೆ ಬಂದರು. ಮಾತಿಗೊಮ್ಮೆ ಕನ್ನಡಕ ಒರೆಸುವ ಆಸಾಮಿ.

"ನಿನ್ನೆ ದಾರಿ ತಪ್ಪಿದ್ರಾ?" ಪೈಲಟನನ್ನು ಕೇಳಿದರು.

"ಹೊಗೆಯೊಳಗೇ ಹಾರಿಸ್ದೆ ಸ್ವಾಮಿ. ಇನ್ನೂ ಗಂಟಲು ಉರೀತಿದೆ!"

ಉಗ್ರಾಣದ ಮೇಜಿನ ಹಿಂದಿದ್ದವರು ಮೆಕ್ಯಾನಿಕ್‌ನ ಸ್ವಂತ ಭಾವ. ಅವಳಿಗೆ ಈ ಕೆಲಸ ಕೊಡಿಸಿದವರೂ ಅವರೇ. "ಗಾಳಿ ಶುದ್ಧವಾಗಿದೆ, ಅಷ್ಟೇ. ಇವಳದು ಸುಮ್ನೆ ಇಲ್ಲದ ತಲೆಬಿಸಿ," ಎಂದರು.

ಮೇಜಿನ ಮೇಲಿದ್ದ ಹೊಸ ಬಟ್ಟೆಯನ್ನು ಅಧಿಕಾರಿ ತೋರಿಸಿದರು. "ಈ ನೀಲಿ ಯೂನಿಫಾರಂ?"

"ಮಗಳದು."

ಅಧಿಕಾರಿ ತಲೆಯಾಡಿಸಿ ಮೆಕ್ಯಾನಿಕ್ ಕಡೆ ತಿರುಗಿದರು. "ಯಂತ್ರ ಹೇಗೆ ಅಳೆಯುತ್ತಮ್ಮ?"

"ಸಿಲಿಂಡರಿನಲ್ಲಿ ಶುದ್ಧ ಗಾಳಿ ಇರುತ್ತೆ. ಅದೇ ನಮಗೆ ಸೊನ್ನೆ. ಹೊರಗಿನ ಗಾಳೀಲಿ ಅದಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ವಿಷ."

"ನಿನ್ನೆ ಮೊದಲು ಸಮುದ್ರದ ಮೇಲೆ, ಎತ್ತರದ ಶುದ್ಧ ಗಾಳೀಲಿ ಹಾರಿದಾಗ ಎಷ್ಟು ಬಂತು?"

"ಸೊನ್ನೆ. ಪುಸ್ತಕದಲ್ಲಿ ಬರೆದಿದ್ದೀನಲ್ಲ."

"ಪುಸ್ತಕ ಬೇಡ. ಯಂತ್ರ ಅಚ್ಚು ಹಾಕಿದ ಚೀಟಿ ಕೊಡಿ."

ಅವಳು ಅದನ್ನು ತೆಗೆದು ಬಿಡಿಸಿದಳು. ಚೀಟಿಯಲ್ಲಿ ಇದ್ದದ್ದು — ಮೈನಸ್ ಎಪ್ಪತ್ತೆಂಟು!

"ಮೈನಸ್ ಬಂದ್ರೆ ಸೊನ್ನೆ ಅಂತ ಬರೀತೀವಿ," ಎಂದಳು. "ಒಂದೆರಡು ಯಾವಾಗಲೂ ಬರುತ್ತೆ. ನಾನು ಎಷ್ಟು ಅಂತ ನೋಡಲೇ ಇಲ್ಲ."

"ಶುದ್ಧ ಗಾಳಿಗಿಂತ ಶುದ್ಧವಾದ ಗಾಳಿ ಎಲ್ಲಾದರೂ ಇದೆಯೇ?" ಅಧಿಕಾರಿ ಕನ್ನಡಕ ಏರಿಸಿದರು. "ಸಮುದ್ರದ ಗಾಳಿ ಸರಿಯಾಗೇ ಇತ್ತು. ಕೆಟ್ಟಿದ್ದು ಸಿಲಿಂಡರು. ಅದರೊಳಗೆ ಮೊದಲೇ ಎಪ್ಪತ್ತೆಂಟರಷ್ಟು ವಿಷ ಸೇರಿಸಿದ್ದಾರೆ. ಅಷ್ಟೂ ಕಾರ್ಖಾನೆಯ ಲೆಕ್ಕದಿಂದ ಕಳೆದುಹೋಯಿತು. ಹನ್ನೆರಡಕ್ಕೆ ಅದನ್ನು ಕೂಡಿಸಿ — ಮತ್ತೆ ತೊಂಬತ್ತು!"

ಅವರು ಭಾವನ ಕಡೆ ತಿರುಗಿದರು.

"ಸಿಲಿಂಡರ್ ಕೋಣೆಯ ಕೀ ಇರೋದು ಇಬ್ಬರ ಹತ್ತಿರ. ತಾನೇ ಮಾಡಿದ್ದರೆ ಇವರು ದೂರು ಕೊಡ್ತಿರಲಿಲ್ಲ. ಉಳಿದವರು ನೀವು. ಚಿಮಣಿ ಪಕ್ಕದ ಶಾಲೆಯದು ಹಸಿರು ಯೂನಿಫಾರಂ. ನಿಮ್ಮ ಮಗಳೂ ಅಲ್ಲೇ ಓದ್ತಿದ್ದಳು, ಅಲ್ವಾ? ಗಾಳಿ ಅಷ್ಟು ಶುದ್ಧವಾಗಿ ನಾಳೆ ಆ ಶಾಲೆ ತೆರೆಯೋದಾದ್ರೆ ಅವಳಿಗೆ ಬೇರೆ ಶಾಲೆಯ ಹೊಸ ಯೂನಿಫಾರಂ ಯಾಕೆ?"

ಭಾವ ಯೂನಿಫಾರಂ ಮಡಚಿ ಪಕ್ಕಕ್ಕಿಟ್ಟರು. "ನನ್ನ ಮೂವರು ತಮ್ಮಂದಿರೂ ಕಾರ್ಖಾನೇಲಿದ್ದಾರೆ. ಮತ್ತೆ ತೊಂಬತ್ತು ಬಂದು ಅದು ಮುಚ್ಚಿದ್ರೆ ಅವರ ಹೆಂಡತಿ ಮಕ್ಕಳು ಎಲ್ಲಿಗೆ ಹೋಗ್ಬೇಕು?"

ಮೆಕ್ಯಾನಿಕ್‌ಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಹನ್ನೆರಡನ್ನು ಹೊಡೆದುಹಾಕಿ ತೊಂಬತ್ತು ಎಂದು ಬರೆದು, ಸಹಿ ಹಾಕಿ, ಫೋನ್ ಕೈಗೆತ್ತಿಕೊಂಡಳು.

"ನಿಮ್ಮ ಅಕ್ಕನಿಗೆ ಏನಂತ ಹೇಳ್ತೀಯೇ?" ಭಾವ ಗೋಗರೆದರು.

"ಮೊದಲು ಆ ನಾನೂರು ಮಕ್ಕಳ ತಾಯಂದಿರಿಗೆ ಹೇಳ್ತೀನಿ ಭಾವ," ಎಂದಳು. "ಅಕ್ಕನಿಗೆ ನೀವೇ ಹೇಳಿ."