ಅಬ್ಬಿ ನೀರು ಕುಡಿದ ಬ್ಯಾಟರಿ

"ಅಜ್ಜೀ, ಸದ್ದು ನಿಂತೋಯ್ತು!"

ಕೆರೆಯ ಏರಿಯ ಮೇಲೆ ಕೂತಿದ್ದ ರಂಜಿತಾ ತಟ್ಟನೆ ಎದ್ದಳು. ತೊಡೆಯ ಮೇಲಿದ್ದ ನೋಟ್‌ಬುಕ್ಕು ಜಾರಿ ಹುಲ್ಲಿಗೆ ಬಿತ್ತು. ಇಷ್ಟು ಹೊತ್ತು ದುಂಬಿಯ ಹಾಗೆ ಗುಂಯ್‌ಗುಡುತ್ತಿದ್ದ ಅಪ್ಪನ ದೋಣಿಯ ಮೋಟಾರು ಕೆರೆಯ ನಟ್ಟನಡುವೆ ಸುಮ್ಮನಾಗಿತ್ತು.

"ಬಲೆ ಎತ್ತಲಿಕ್ಕೆ ನಿಲ್ಲಿಸಿರ್ತಾನೆ ಬಿಡೆ," ಎಂದರು ರಂಗಮ್ಮಜ್ಜಿ.

"ಬಲೆ ಇರೋದು ಆ ಕಡೆ ಅಲ್ವಾ ಅಜ್ಜಿ?"

ಅಜ್ಜಿ ಹಣೆಗೆ ಕೈಯಿಟ್ಟು ನೋಡಿದರು. ಗಾಳಿ ದೋಣಿಯನ್ನು ಮೂಲೆಗೆ ತಳ್ಳುತ್ತಿತ್ತು. ಆ ಮೂಲೆಯ ನೀರಿನಡಿ ಹಳೆಯ ಮರದ ಬೊಡ್ಡೆಗಳಿದ್ದವು. ಅಪ್ಪ ಎಡಗೈಯಲ್ಲಿ ಹುಟ್ಟು ಹಿಡಿದು ನೀರು ಎಳೆದ. ದೋಣಿ ಮುಂದೆ ಹೋಗದೆ ನಿಂತಲ್ಲೇ ಸುತ್ತು ಹೊಡೆಯಿತು.

ಅಪ್ಪ ನಾಗೇಶನ ಬಲಗೈ ಮೇಲೇಳುವುದಿಲ್ಲ. ಎರಡು ವರ್ಷದ ಹಿಂದೆ ಎಸ್ಟೇಟಿನಲ್ಲಿ ಮರಗಸಿಗೆ ನೆರಳುಮರದ ಕೊಂಬೆ ಕಡಿಯುವಾಗ ಸಿಲ್ವರ್ ಮರದಿಂದ ಬಿದ್ದು ಭುಜ ಮುರಿದಿತ್ತು. ಆಮೇಲೆ ಧಣಿಗಳು ಕೆರೆಯ ಮೀನಿನ ಕೆಲಸ ಕೊಟ್ಟರು. ಹುಟ್ಟು ಹಾಕಲು ಆಗದ ಅಪ್ಪನಿಗೆ ಬ್ಯಾಟರಿಯ ಮೋಟಾರೇ ಬಲಗೈ. ಆ ಕೈಯಲ್ಲಿ ಈಜುವುದಂತೂ ಆಗದು.

"ಕಳಸೇಶ್ವರಾ, ದಡ ಮುಟ್ಟಿಸಪ್ಪಾ," ಅಜ್ಜಿ ಸೆರಗು ಹಿಡಿದು ಕೈ ಮುಗಿದರು.

ರಂಜಿತಾಗೂ ಕೈ ಮುಗಿಯಬೇಕೆನಿಸಿತು. ಆದರೆ ದೇವರ ಹತ್ತಿರ ಏನೆಂದು ಹೇಳುವುದು? ಮೋಟಾರು ನಿಂತದ್ದು ಏಕೆ ಎಂಬ ಅನುಮಾನ ಅವಳಿಗೊಬ್ಬಳಿಗೇ ಇತ್ತು.

ಪ್ರತಿ ಶನಿವಾರ ಬ್ಯಾಟರಿಗೆ ನೀರು ನೋಡುವುದು ಅವಳ ಕೆಲಸ. ಆರು ಮುಚ್ಚಳ ಬಿಚ್ಚಬೇಕು, ಟಾರ್ಚು ಬಿಟ್ಟು ನೋಡಬೇಕು, ಕಡಿಮೆಯಾದಲ್ಲಿ ಕ್ಯಾನಿನಲ್ಲಿರುವ ಬ್ಯಾಟರಿ ನೀರು ಹಾಕಬೇಕು. ಎರಡು ತಿಂಗಳ ಹಿಂದೆ ಬೆಕ್ಕಿನ ಮರಿಯನ್ನು ಅಟ್ಟಿಸಿಕೊಂಡು ಹೋಗುವಾಗ ಅವಳ ಕಾಲು ತಾಗಿ ಕ್ಯಾನು ಉರುಳಿತ್ತು. ನೀರೆಲ್ಲ ಅಂಗಳದ ಪಾಲು. ಬೈಗುಳ ತಪ್ಪಿಸಿಕೊಳ್ಳಲು ಅವಳು ಮನೆ ಹಿಂದಿನ ಪೈಪಿಗೆ ಕ್ಯಾನು ಹಿಡಿದಿದ್ದಳು.

ಗುಡ್ಡದ ಅಬ್ಬಿಯಿಂದ, ಆ ಸಣ್ಣ ಜಲಪಾತದಿಂದ, ಇಳಿದು ಬರುವ ನೀರು ಅದು. ಗಾಜಿನ ಹಾಗೆ ತಿಳಿ. ಪೇಟೆಯಿಂದ ಬಂದ ನೆಂಟರು ಬಾಟಲಿ ತುಂಬಿಸಿಕೊಂಡು ಹೋಗುತ್ತಾರೆ. "ಇದಕ್ಕಿಂತ ಒಳ್ಳೆ ನೀರು ಎಲ್ಲೂ ಸಿಗಲ್ಲ," ಎಂದು ಅಜ್ಜಿ ದಿನಕ್ಕೊಮ್ಮೆಯಾದರೂ ಹೇಳುತ್ತಾರೆ. ಮನುಷ್ಯರಿಗೇ ಒಳ್ಳೆಯದಾದರೆ ಬ್ಯಾಟರಿಗೆ ಆಗುವುದಿಲ್ಲವೇ? ಅಂದು ಹಾಗೆಂದುಕೊಂಡಿದ್ದಳು. ಕೆಲವು ವಾರ ಮೋಟಾರು ಚೆನ್ನಾಗಿಯೇ ಓಡಿತು. ಆಮೇಲೆ, "ಚಾರ್ಜೇ ನಿಲ್ತಿಲ್ಲ ಮಾರಾಯ್ತಿ," ಎಂದು ಅಪ್ಪ ಗೊಣಗಲು ಶುರುಮಾಡಿದ.

ದೋಣಿ ಬೊಡ್ಡೆಗೆ ಬಡಿದು ವಾಲಿತು. ಅಪ್ಪ ಒಂದು ಕಡೆಗೆ ಬಗ್ಗಿ ಕಾಣದಾದ.

"ಅಪ್ಪಾ!"

ರಂಜಿತಾಳ ಕೂಗಿಗೆ ಕೊಕ್ಕರೆಗಳು ಹಾರಿದವು. ಹೋದ ವರ್ಷ ಅಮ್ಮ ಆಸ್ಪತ್ರೆಗೆ ಹೋದವಳು ತಿರುಗಿ ಬಂದಿರಲಿಲ್ಲ. ಅವಳು ಏರಿಯ ಅಂಚಿಗೆ ಓಡಿ ನಿಂತಳು.

ಅಪ್ಪನ ತಲೆ ಮತ್ತೆ ಕಂಡಿತು. ಒಂದೇ ಕೈಯಲ್ಲಿ ಬೊಡ್ಡೆಯಿಂದ ಬೊಡ್ಡೆಗೆ ದೋಣಿ ಎಳೆದುಕೊಳ್ಳುತ್ತ, ಕೊನೆಗೂ ಅವನು ದಡ ಹತ್ತಿದ. ಏರಿ ಸುತ್ತಿ ಬಂದಾಗ ಸೊಂಟದವರೆಗೆ ಒದ್ದೆಯಾಗಿದ್ದ.

"ಆ ಬ್ಯಾಟರಿ ಅಂಗಡಿ ಗುರುವಯ್ಯ ಕೈ ಕೊಟ್ಟ ನೋಡಮ್ಮ," ಎಂದ ಅಜ್ಜಿಗೆ. "ಜೀಪಿನ ಬ್ಯಾಟರಿ ಸಾಕು ಅಂತ ನಾನಂದ್ರೆ, ಬೇಡ, ಇದನ್ನೇ ತಗೋ ಅಂತ ಕೊಟ್ಟ. ಒಂದು ವರ್ಷ ತುಂಬಿಲ್ಲ. ನಾಳೆ ಅಂಗಡೀಲೇ ಮುಖದ ನೀರು ಇಳಿಸ್ತೇನೆ."

ರಂಜಿತಾ ಬಾಯಿ ತೆರೆದಳು. ಅಪ್ಪನ ಮೊಣಕಾಲು ನಡುಗುವುದು ಕಂಡಿತು. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಮರುದಿನ ಶನಿವಾರ, ಶಾಲೆ ಅರ್ಧ ದಿನ. ಮಧ್ಯಾಹ್ನ ಎಸ್ಟೇಟಿನ ಪಿಕಪ್ಪಿನಲ್ಲಿ ಬ್ಯಾಟರಿ ಇಟ್ಟು ಅಪ್ಪ ಮೂಡಿಗೆರೆಗೆ ಹೊರಟಾಗ, "ನಾನೂ ಬರ್ತೇನೆ," ಎಂದು ಹತ್ತಿ ಕೂತಳು.

ಗುರುವಯ್ಯನವರು ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ವಯಸ್ಸಾದವರು. ಅಪ್ಪನ ಸಿಟ್ಟನ್ನೆಲ್ಲ ನಿಂತು ಕೇಳಿದರು.

"ಆಯ್ತಾ ನಾಗೇಶ? ಇನ್ನು ಅದ್ರ ಮಾತೂ ಕೇಳೋಣ," ಎಂದು ಬ್ಯಾಟರಿಯ ಮುಚ್ಚಳಗಳನ್ನು ಬಿಚ್ಚಿದರು. ಗಾಜಿನ ಕೊಳವೆಯಲ್ಲಿ ಒಂದೊಂದೇ ತೂತಿನ ನೀರು ಹೀರಿ ಬೆಳಕಿಗೆ ಹಿಡಿದರು. ಬ್ಯಾಟರಿ ಸರಿಯಿದ್ದರೆ ತೇಲಬೇಕಾದ ಒಳಗಿನ ಬೆಂಡು ಮೇಲೇಳಲೇ ಇಲ್ಲ. "ಯಾವ ನೀರು ಹಾಕ್ತಿದ್ದೆ?"

"ನೀವು ಕೊಟ್ಟ ಕ್ಯಾನಿಂದೇ. ಕಳಸೇಶ್ವರನಾಣೆ!"

ಗುರುವಯ್ಯನವರು ಕನ್ನಡಕ ತೆಗೆದು ಒರೆಸಿದರು. "ಹಾಗಾದ್ರೆ ತಪ್ಪು ನನ್ನದೇ ಮಾರಾಯ. ಮಾಲೇ ಸರಿ ಇರ್ಲಿಲ್ಲ ಅಂತ ಕಾಣ್ತದೆ. ಬದಲಿ ಕೊಡ್ತೇನೆ. ಜೀಪಿಂದು ಮಾತ್ರ ಕೇಳ್ಬೇಡ. ಅದು ಒಂದೇ ಸಲ ಜೋರಾಗಿ ಒದ್ದು ಸುಮ್ಮನಾಗೋದು. ದೋಣಿಗೆ ಬೇಕಾದ್ದು ನಿಧಾನಕ್ಕೆ, ತುಂಬಾ ಹೊತ್ತು ದುಡಿಯೋದು."

ಅವರು ಒಳಗೆ ಹೋಗಿ ಹೊಸ ಬ್ಯಾಟರಿಯೊಂದನ್ನು ಏದುಸಿರು ಬಿಡುತ್ತ ಎಳೆಯತೊಡಗಿದರು. ಬಗ್ಗಿದ ಆ ಬೆನ್ನನ್ನು ನೋಡುತ್ತ ನಿಲ್ಲಲು ರಂಜಿತಾಗೆ ಆಗಲಿಲ್ಲ.

"ಅಬ್ಬಿ ನೀರು," ಎಂದಳು.

"ಎಂತದು?" ಅಪ್ಪ ತಿರುಗಿದ.

"ಕ್ಯಾನು ಚೆಲ್ಲೋಯ್ತು ಅಪ್ಪ. ನನ್ನಿಂದ. ನಾನು ಅಬ್ಬಿ ನೀರು ತುಂಬಿಸಿಟ್ಟೆ. ಎರಡು ತಿಂಗಳಿಂದ ಅದನ್ನೇ ಹಾಕ್ತಿದ್ದೆ."

ಅಪ್ಪನ ಮುಖ ಕೆಂಪಾಯಿತು. ಅವನು ನೋಡಿದ್ದು ರಂಜಿತಾಳನ್ನಲ್ಲ, ಗುರುವಯ್ಯನವರನ್ನು.

"ನಾನು... ಏನೇನೋ ಅಂದುಬಿಟ್ಟೆ ನಿಮಗೆ."

"ಬಿಡೋ ಮಾರಾಯ, ನನ್ನ ಹೆಂಡತಿ ಇದಕ್ಕಿಂತ ಚೆನ್ನಾಗಿ ಬೈತಾಳೆ," ಎಂದು ಗುರುವಯ್ಯನವರು ಸ್ಟೂಲಿನ ಮೇಲೆ ಕೂತರು. "ಬಾ ಮಗಾ ಇಲ್ಲಿ. ಅಬ್ಬಿ ನೀರು ಯಾಕೆ ರುಚಿ ಹೇಳು? ಕಲ್ಲು, ಮಣ್ಣಿನ ಸಾರ ಅದ್ರಲ್ಲಿ ಕರಗಿರ್ತದೆ. ನಮಗೆ ಅದು ಒಳ್ಳೇದು. ಬ್ಯಾಟರಿಗೆ ಆ ಸಾರವೇ ವಿಷ. ಅದಕ್ಕೆ ಏನೂ ಇಲ್ಲದ ನೀರೇ ಬೇಕು."

"ಇದು ಸತ್ತೋಯ್ತಾ?"

"ಒಳಗಿದ್ದದ್ದು ಚೆಲ್ಲಿ, ತೊಳೆದು, ಹೊಸ ಆಸಿಡ್ ಹಾಕಿ ನಿಧಾನ ಚಾರ್ಜಿಗೆ ಇಡ್ತೇನೆ. ಬುಧವಾರ ಗೊತ್ತಾಗ್ತದೆ. ಬದುಕಿದ್ರೂ ಮೊದಲಿನಷ್ಟು ದೂರ ಹೋಗ್ಲಿಕ್ಕಿಲ್ಲ. ಅಲ್ಲೀವರೆಗೆ ದೋಣಿ ಇಳಿಸೋದು ಬೇಡ ನಾಗೇಶ."

ಅಪ್ಪ ತಲೆಯಾಡಿಸಿದ.

ಇಬ್ಬರೂ ಹೊರಗೆ ಬಂದು ಪಿಕಪ್ಪಿಗೆ ಕಾಯುತ್ತ ಅಂಗಡಿಯ ಮೆಟ್ಟಿಲ ಮೇಲೆ ಕೂತರು. ರಂಜಿತಾ ಬೈಗುಳಕ್ಕೆ ಕಾದಳು. ಒಂದು ಬಸ್ಸು ಹೋಯಿತು, ಇನ್ನೊಂದು ಬಂತು.

"ನಿನ್ನೆ ಬೊಡ್ಡೆಗೆ ತಾಗಿದಾಗ," ಅಪ್ಪ ರಸ್ತೆ ನೋಡುತ್ತಲೇ ಹೇಳಿದ, "ಏರಿ ಮೇಲೆ ನೀನು ನಿಂತಿರೋದು ಕಾಣ್ತಿತ್ತು. ಇಷ್ಟೇ ಇಷ್ಟು. ನಾನು ನೀರಿಗೆ ಬಿದ್ರೆ ಇವಳ ಗತಿ ಎಂತ ಅಂತ ಕೈಕಾಲೆಲ್ಲ ನಡುಗಿಹೋಯ್ತು ಮಾರಾಯ್ತಿ."

ರಂಜಿತಾ ತಲೆಯೆತ್ತಿ ನೋಡಿದಳು. ಅಪ್ಪ ನಡುಗಿದ್ದು ಚಳಿಗೆ, ಇಲ್ಲ ಸಿಟ್ಟಿಗೆ ಎಂದುಕೊಂಡಿದ್ದಳು. ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಎರಡು ತಿಂಗಳು ಅವಳು ಹೆದರಿದ್ದು ಬರೀ ಒಂದು ಬೈಗುಳಕ್ಕೆ.

ಅವಳು ಸರಿದು, ಅಪ್ಪನ ಏಳದ ಕೈಯ ಪಕ್ಕಕ್ಕೆ ಒತ್ತಿ ಕೂತಳು.