ಗೋಡೆ ಕೆಡವಿದ ಆನೆ

ಸೋಮವಾರ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಶಾಲೆಯಲ್ಲಿ ಅಡುಗೆ ಮಾಡುವ ಪಾರ್ವತಮ್ಮ ಓಡಿಬಂದು ನಮ್ಮ ಜಗಲಿಯ ಮೇಲೆ ಕುಸಿದು ಕೂತು ಅತ್ತಿಗೆಯನ್ನು ಕೂಗಿದರು.

“ಶಶೀ, ಇಸ್ಕೂಲಿಗೆ ಆನೆ ನುಗ್ಗೈತೆ ಕಣವ್ವಾ! ಕಾಡಿನ ಕಡೆ ಗೋಡೆ ಪೂರಾ ಮಲಗೋಗೈತೆ. ಎಲ್ರೂ ಟೀಸಿ ಕೊಡಿ ಅಂತ ಮೇಷ್ಟ್ರ ಮುಂದೆ ನಿಂತವ್ರೆ. ನೀನು ಬರ್ಲಿಲ್ಲ ಅಂದ್ರೆ ಇವತ್ತಿಗೆ ಇಸ್ಕೂಲು ಮುಗೀತು!”

ನನ್ನ ಬಾಯಲ್ಲಿದ್ದ ನೊರೆ ಗಂಟಲಿಗಿಳಿಯಿತು.

ಶಶಿರೇಖಾ ನನ್ನ ಅತ್ತಿಗೆ. ಮದುವೆಗೆ ಮುಂಚೆ ಹೊಸೂರಿನ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲಿನಲ್ಲಿ ದೋಷ ಹುಡುಕುವ ಕೆಲಸದಲ್ಲಿದ್ದಳು. ಆ ಕಣ್ಣು ಇನ್ನೂ ಹಾಗೇ ಇದೆ. ಊರಲ್ಲಿ ಕರು ಕಳೆದರೂ ಕಾಲುಂಗುರ ಕಳೆದರೂ ಜನ ಮೊದಲು ಬರುವುದು ನಮ್ಮ ಮನೆಗೇ. ನಾನು ಸರಳಾ, ಕಾಲೇಜಿನ ಎರಡನೇ ವರ್ಷ. ಅತ್ತಿಗೆಯ ಎಲ್ಲ ಪತ್ತೇದಾರಿಯಲ್ಲೂ ಜೊತೆಗಿದ್ದೇನೆ, ಎಲ್ಲದರಲ್ಲೂ ತಪ್ಪು ಆಸಾಮಿಯನ್ನೇ ಅನುಮಾನಿಸಿದ್ದೇನೆ.

ಆದರೆ ಆ ದಿನ ನಗು ಬರಲಿಲ್ಲ. ನಮ್ಮದು ಹೊಸೂರಿನ ಆಚೆ, ತಮಿಳು ಸೀಮೆಯ ಸಾನಮಾವು ಕಾಡಿನಂಚಿನ ಊರು. ನಮ್ಮ ಕನ್ನಡ ಶಾಲೆಯಲ್ಲಿ ಉಳಿದಿರುವುದೇ ಒಂದಿಷ್ಟು ಮಕ್ಕಳು. ಅವರಲ್ಲಿ ಅರ್ಧ ಜನ ಹೋದರೂ ಬೀಗ ಬೀಳುತ್ತದೆ. ಪೋಷಕರ ಸಮಿತಿಗೆ ಅತ್ತಿಗೆಯೇ ಅಧ್ಯಕ್ಷೆ, ಅವಳ ಮಗಳು ಅಲ್ಲೇ ಮೂರನೇ ತರಗತಿ. ಪೋಷಕರೂ ಮೇಷ್ಟ್ರೂ ಸೇರಿ ಹಿಡಿದೆಳೆದು ನಡೆಸುತ್ತಿರುವ ಶಾಲೆ ಅದು. ಪಾಠ, ಗಿಡ, ಲೆಕ್ಕಪತ್ರ ಎಲ್ಲ ಮೇಷ್ಟ್ರ ಪಾಲು. ಅಡುಗೆಮನೆ, ಹೊಗೆ ಪೋಷಕರ ಪಾಲು.

ಹೊಗೆ ಎಂದರೆ ಆನೆ ಓಡಿಸುವ ಹೊಗೆ. ಹೊಲದಂಚಲ್ಲಿ ಬಿದ್ದ ಆನೆ ಲದ್ದಿಯನ್ನು ಆರಿಸಿ ತಂದು, ಒಣಮೆಣಸಿನಕಾಯಿ ಕುಟ್ಟಿ ಕಲಸಿ, ಒಣಗಿಸಿ, ಮೂಟೆ ಕಟ್ಟಿ ಅಡುಗೆಮನೆಯ ಹಿಂದೆ ಇಡುತ್ತೇವೆ. ಸಂಜೆ ಮೂಲೆಮೂಲೆಯಲ್ಲಿ ಸುಟ್ಟರೆ ಆ ಘಾಟಿಗೆ ಆನೆ ಹತ್ತಿರ ಸುಳಿಯುವುದಿಲ್ಲ. ಮನೆಗೊಬ್ಬರು ಭಾನುವಾರ ಕೂತು ಕಲಸುತ್ತಾರೆ. ಶಾಲೆಗಿರುವ ಇಬ್ಬರು ಶಿಕ್ಷಕರಿಗೂ ಅವತ್ತು ರಜ.

ನಾವು ಹೋದಾಗ ಶಾಲೆಯ ಅಂಗಳ ತುಂಬ ಜನ. ಮಕ್ಕಳು ಅಮ್ಮಂದಿರ ಸೆರಗು ಬಿಡುತ್ತಿರಲಿಲ್ಲ. ಕೈತೊಳೆಯುವ ನಲ್ಲಿಯ ಪಕ್ಕದ ಗೋಡೆ ಉದ್ದಕ್ಕೂ ಉರುಳಿ, ಇಟ್ಟಿಗೆಯೆಲ್ಲ ಆಚೆ ಹೊಲದಲ್ಲಿ ಚೆಲ್ಲಿತ್ತು. ಅಂಗಳದ ನಡುವೆ ಒದ್ದೆ ಒದ್ದೆ ಲದ್ದಿ. ಬೆಳಿಗ್ಗೆ ಪಾರ್ವತಮ್ಮ ಬಂದು ತೆಗೆಯುವವರೆಗೂ ಗೇಟಿನ ಬೀಗ ಹಾಕಿದ್ದು ಹಾಕಿದಂತೆಯೇ ಇತ್ತಂತೆ.

ಮುಖ್ಯೋಪಾಧ್ಯಾಯ ಮುರಳಿಕೃಷ್ಣ ಮೇಷ್ಟ್ರ ಮುಖ ಬಿಳಿಚಿಕೊಂಡಿತ್ತು. ಅವರ ಮುಂದೆ ಚಲಪತಿ ಎರಡೂ ಕೈಯಾಡಿಸುತ್ತ ಕೂಗುತ್ತಿದ್ದ. ಅವನ ಇಬ್ಬರು ಮಕ್ಕಳು ಇಲ್ಲೇ ಓದುತ್ತಾರೆ. ಅವನ ವ್ಯಾನು ಮಾತ್ರ ಸೂಳಗಿರಿಯ ಖಾಸಗಿ ಶಾಲೆಗೆ ಮಕ್ಕಳನ್ನು ಸಾಗಿಸುತ್ತದೆ.

“ಇವತ್ತು ಗೋಡೆ, ನಾಳೆ ನಮ್ಮ ಮಕ್ಕಳು! ಟೀಸಿ ಬರ್ಕೊಡಿ ಸಾರ್, ಹೋಯ್ತೀವಿ.”

“ನಿನ್ ವ್ಯಾನಿಗೆ ಸೀಟು ತುಂಬ್ಬೇಕಲ್ಲಾ, ಅದ್ಕೇ ಗಂಟ್ಲು ಇಷ್ಟು ಜೋರು!” ಎಂದು ಹಿರಿಯ ದಾಸಪ್ಪ ರೇಗಿದ. ಅವನ ಮೊಮ್ಮಗನೂ ಇಲ್ಲೇ ಓದುತ್ತಾನೆ.

“ನನ್ ಮಕ್ಳೂ ಇಲ್ಲೇ ಓದೋದು ಕಣಣ್ಣಾ. ನಿಂಗೆ ಭಯ ಆಗಲ್ವಾ?”

ದಾಸಪ್ಪ ಮೊಮ್ಮಗನನ್ನು ಹತ್ತಿರಕ್ಕೆ ಎಳೆದುಕೊಂಡ. ಅವನಿಗೂ ಭಯವಾಗಿತ್ತು.

ಅತ್ತಿಗೆ ಕೈಮುಗಿದಳು. “ಫಾರೆಸ್ಟಿನೋರು ಬರೋವರ್ಗೂ ಯಾರೂ ಏನೂ ಬರೀಬ್ಯಾಡಿ. ಅಷ್ಟೇ ಕೇಳೋದು.” ನಂತರ ನನ್ನ ಕಡೆ ತಿರುಗಿ, “ಸರಳಾ, ಸುಮ್ನೆ ಎಲ್ಲಾದ್ರ ಫೋಟೋ ತೆಗಿ. ಏನೂ ಮುಟ್ಟಬ್ಯಾಡ,” ಎಂದಳು.

ಮುಟ್ಟಬೇಡ ಎಂದರೆ ನನ್ನ ಬೆರಳಿಗೆ ತುರಿಕೆ. ಕಡ್ಡಿ ಸಿಗದೆ ಲದ್ದಿಯನ್ನು ಬೆರಳಲ್ಲೇ ಕೆದಕಿದೆ. ಅಷ್ಟರಲ್ಲಿ ನೊಣವೊಂದು ಕಣ್ಣ ಹತ್ತಿರ ಬಂತೆಂದು ಕಣ್ಣುಜ್ಜಿಕೊಂಡೆ. ಮುಂದಿನ ಕ್ಷಣ ನಾನು ಕಿರುಚಿದ ರಭಸಕ್ಕೆ ಇಡೀ ಅಂಗಳ ಗೇಟಿನತ್ತ ಓಡಿತು.

“ಅಯ್ಯೋ, ಕಣ್ಣು ಉರೀತಿದೆ ಅತ್ತಿಗೇ!”

“ಏನೂ ಮುಟ್ಟಬ್ಯಾಡ ಅಂದ್ನಲ್ಲೇ ಕೋತಿ!” ಅವಳು ನನ್ನನ್ನು ನಲ್ಲಿಗೆ ಎಳೆದೊಯ್ದು ಮುಖ ತೊಳೆಸಿದಳು. ಬೈಯುತ್ತಿದ್ದವಳು ನಡುವೆಯೇ ನಿಂತುಬಿಟ್ಟಳು. ನನ್ನ ಬೆರಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು.

ಅಂಗಳದ ಹಲಸಿನ ಮರದಲ್ಲಿ ಹಣ್ಣು ಕೈಗೆಟುಕುವಂತೆ ಜೋತುಬಿದ್ದಿತ್ತು, ಘಮ ಘಮ. ಅತ್ತಿಗೆ ಅದನ್ನೊಮ್ಮೆ ತಟ್ಟಿ ನೋಡಿದಳು. ಮಕ್ಕಳು ಹಳೆ ಡಬ್ಬಗಳಲ್ಲಿ ನೆಟ್ಟ ಅವರೆ ಗಿಡಗಳು ಸಾಲಾಗಿ ಜಗಲಿಯ ಮೇಲಿದ್ದವು.

“ಇವು ಗೋಡೆ ಬುಡದಾಗೆ ಇರ್ತಿದ್ವಲ್ಲಾ ಪುಟ್ಟಿ?” ಎಂದು ಮಗಳನ್ನು ಕೇಳಿದಳು.

“ಶುಕ್ರವಾರ ಎತ್ತಿಟ್ವಿ ಅಮ್ಮಾ. ಬಿಸಿಲಿಗೆ ಬಾಡ್ತವೆ ಅಂತ ಸಾರ್ ಹೇಳಿದ್ರು.”

“ಚಂದ್ರಲೇಖಾ ಮಿಸ್ಸು ಎಲ್ಲಿ?” ಮುಖ್ಯೋಪಾಧ್ಯಾಯರನ್ನು ಬಿಟ್ಟರೆ ಶಾಲೆಗೆ ಅವರೊಬ್ಬರೇ.

“ಮಿಸ್ಸು ಹೋದ ವಾರ ಪೂರ್ತಿ ಬಂದೇ ಇಲ್ಲ, ಕೃಷ್ಣಗಿರೀಲಿ ಟ್ರೇನಿಂಗು. ಇನ್ನೂ ಬಂದಿಲ್ಲ.”

ನನಗಂತೂ ಎಲ್ಲ ಸ್ಪಷ್ಟವಾಗಿತ್ತು. ಅತ್ತಿಗೆಯ ಕಿವಿಯಲ್ಲಿ ಪಿಸುಗುಟ್ಟಿದೆ: “ಚಲಪತೀನೇ ಕಣತ್ತಿಗೆ. ವ್ಯಾನು!”

“ನಿನ್ ಬಾಯಿಂದ ಹೆಸರು ಬಂತಲ್ಲಾ, ಪಾಪ, ಅವ್ನು ಬಚಾವಾದ,” ಎಂದಳು. ಆದರೆ ಅವಳ ಮುಖ ನಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಜಗಲಿಯ ಕಂಬಕ್ಕೆ ಒರಗಿ ನಿಂತಳು. ಹೇಳಲೋ ಬೇಡವೋ ಎಂದು ತೂಗುತ್ತಿದ್ದಾಳೆ ಎನಿಸಿತು. ಅಂಥ ಅತ್ತಿಗೆಯನ್ನು ನಾನು ನೋಡಿಯೇ ಇರಲಿಲ್ಲ.

ಕೊನೆಗೆ ಎಲ್ಲರನ್ನೂ ಹಲಸಿನ ಮರದ ಕೆಳಗೆ ಕೂರಿಸಿದಳು. ಮಕ್ಕಳನ್ನು ಪಾರ್ವತಮ್ಮ ತರಗತಿಯೊಳಗೆ ಕಳಿಸಿ ಬಂದರು.

“ಆನೆ ಬಂದಿಲ್ಲ,” ಎಂದಳು ಅತ್ತಿಗೆ.

ಗುಸುಗುಸು ಎದ್ದಿತು.

“ನೋಡಿ, ಆನೆ ಬರೋದು ಕಾಡಿನ ಕಡೆಯಿಂದ. ಅದು ತಳ್ಳಿದ್ರೆ ಇಟ್ಟಿಗೆ ನಮ್ಮಂಗಳದಾಗೆ ಬೀಳ್ಬೇಕಿತ್ತು. ಬಿದ್ದಿರೋದು ಆಚೆ. ಒಳಗಿಂದ ತಳ್ತು ಅಂದ್ರೆ ಒಳಕ್ಕೆ ಬಂದಿದ್ದೆಂಗೆ? ಗೇಟಿನ ಬೀಗ ಹಂಗೇ ಇತ್ತು. ಈ ಹಲಸಿನ ಹಣ್ಣು ನೋಡಿ. ಇದ್ರ ವಾಸ್ನೆಗೆ ಆನೆ ಮೈಲಿ ದೂರದಿಂದ ಬತ್ತದೆ. ಇಲ್ಲೀವರ್ಗೂ ಬಂದು ಇದನ್ನ ಬಿಟ್ಟು ಗೋಡೆ ತಿನ್ತದಾ?”

“ಹಂಗಾದ್ರೆ ಲದ್ದಿ?” ಎಂದ ದಾಸಪ್ಪ.

“ಅದ್ರಾಗೆ ಖಾರ ಐತೆ. ನಮ್ ಸರಳಾ ಕಣ್ಣು ಕೊಟ್ಟು ಕಂಡುಹಿಡಿದ್ಲು. ಮೆಣಸಿನಕಾಯಿ ತಿಂದು ಲದ್ದಿ ಹಾಕೋ ಆನೆ ಎಲ್ಲೂ ಇಲ್ಲ. ನಮ್ ಹೊಗೆ ಮೂಟೇದನ್ನೇ ನೀರಾಗೆ ನೆನೆಸಿ ಹಾಕವ್ರೆ.”

ಎಲ್ಲರ ಕಣ್ಣು ಒಮ್ಮೆಗೇ ಚಲಪತಿಯ ಕಡೆ ತಿರುಗಿತು. ಅವನ ಹೆಂಡತಿ ಅಳತೊಡಗಿದಳು.

“ನಾನಲ್ಲ! ನನ್ ಮಕ್ಳಾಣೆ!” ಚಲಪತಿಯ ದನಿ ಒಡೆಯಿತು.

“ಅವ್ನಲ್ಲ,” ಎಂದಳು ಅತ್ತಿಗೆ ಗಟ್ಟಿಯಾಗಿ. “ಚಲಪತಿ ಭಾನುವಾರ ನಮ್ ಜೊತೆ ಕೂತು ಕಲಸ್ತಾನೆ. ಆ ಮೂಟೇಲಿ ಖಾರ ಐತೆ ಅಂತ ಅವ್ನಿಗೂ ಗೊತ್ತು, ನಿಮಗೆಲ್ಲ ಗೊತ್ತು. ಗೊತ್ತಿರೋರಿಗೆ ಬೇಕಾದ್ರೆ ಹೊಲದಂಚಲ್ಲಿ ಬರೀ ಲದ್ದಿ ಸಿಕ್ತಿತ್ತಲ್ಲಾ! ಮೆಣಸಿನಕಾಯಿ ಸುಡೋವಾಗ ಮೇಲೆ ಹಾಕ್ತಾರೆ ಅಂತ ತಿಳಿದಿರೋರು ಮಾತ್ರ ಈ ತಪ್ಪು ಮಾಡೋಕೆ ಸಾಧ್ಯ. ಅಂದ್ರೆ ಯಾವತ್ತೂ ಕಲಸೋಕೆ ಕೂರ್ದೋರು.”

ಹಾಗೆ ಕೂರದವರು ಶಾಲೆಯಲ್ಲಿ ಇಬ್ಬರೇ. ಒಬ್ಬರು ಕೃಷ್ಣಗಿರಿಯಲ್ಲಿದ್ದರು.

ಅತ್ತಿಗೆಯ ದನಿ ಇಳಿಯಿತು. “ಗೋಡೆ ಬೀಳೋಕೆ ಮುಂಚೇನೇ ಮಕ್ಕಳ ಗಿಡ ಜಗಲಿ ಸೇರಿದ್ವು. ಬಿಸಿಲಿಗಲ್ಲ, ಅಲ್ವಾ ಸಾರ್?”

ಮುರಳಿಕೃಷ್ಣ ಮೇಷ್ಟ್ರು ಕುರ್ಚಿಯಿಂದ ಎದ್ದರು.

“ನಾನೇ ಕೆಡವಿದೆ. ಶುಕ್ರವಾರ ಊಟದ ಹೊತ್ತಲ್ಲಿ ನಿಮ್ಮ ಮಗಳು ಆ ಗೋಡೆಗೆ ಒರಗಿ ನಿಂತಿದ್ದಳಮ್ಮಾ. ಗೋಡೆ ಅಲುಗಿತು. ಆಮೇಲೆ ನನಗೆ ಅನ್ನ ಇಳೀಲಿಲ್ಲ. ಶಿಕ್ಷಣ ಇಲಾಖೆಗೆ ಎಷ್ಟು ಸಲ ಹೇಳಿದರೂ ಮುಂದಿನ ವರ್ಷ ನೋಡೋಣ ಅಂತಾರೆ. ಆನೆ ಕೆಡವಿತು ಅಂದ್ರೆ ಅವತ್ತೇ ಓಡಿಬರ್ತಾರೆ, ಬೇಗ ಕಟ್ಟಿಸ್ತಾರೆ ಅಂದುಕೊಂಡೆ. ಭಾನುವಾರ ಸಂಜೆ ನೀವೆಲ್ಲ ಹೋದಮೇಲೆ ಹಾರೆ ಹಾಕಿ ಆಚೆಗೆ ಉರುಳಿಸಿದೆ. ನೀವು ಹೆದರಿ ಮಕ್ಕಳನ್ನೇ ಕರ್ಕೊಂಡು ಹೋಗ್ತೀರಿ ಅಂತ... ಅದು ಹೊಳೀಲೇ ಇಲ್ಲ.”

“ನಾವು ಅನ್ನೋರು ಯಾತಕ್ಕಿದ್ದೀವಿ ಮೇಷ್ಟ್ರೇ?” ದಾಸಪ್ಪ ಸಿಟ್ಟಿನಿಂದ ಎದ್ದ. “ಒಂದ್ ಮಾತು ಹೇಳಿದ್ರೆ ಊರೇ ಬಂದು ಕೆಡವ್ತಿರ್ಲಿಲ್ವಾ?”

“ಸರ್ಕಾರಿ ಗೋಡೆ. ನಿಮ್ಮ ಮೇಲೆ ಕೇಸಾಗುತ್ತೆ ಅಂತ ಹೇಳಲಿಲ್ಲ.”

ಆನೆ ಇಲ್ಲವೆಂಬ ನೆಮ್ಮದಿ ಕ್ಷಣದಲ್ಲೇ ಬೇರೆ ಭಯವಾಯಿತು. ಇದು ಹೊರಗೆ ಹೋದರೆ ಮೇಷ್ಟ್ರಿಗೆ ಕೆಲಸವಿಲ್ಲ. ಈ ಮೇಷ್ಟ್ರಿಲ್ಲದೆ ಈ ಶಾಲೆ ಎಷ್ಟು ದಿನ?

ಗೇಟಿನ ಹೊರಗೆ ಅರಣ್ಯ ಇಲಾಖೆಯ ಜೀಪು ನಿಂತಿತು. ಅಧಿಕಾರಿ ಇಳಿಯುತ್ತಲೇ ಆನೆ ಎಲ್ಲಿ ಬಂತೆಂದು ತಮಿಳಿನಲ್ಲಿ ಕೇಳಿದರು, “ಯಾನೆ ಎಂಗೆ ವಂದದು?”

ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟರು. ಅಷ್ಟರಲ್ಲಿ ಚಲಪತಿ ಅವರನ್ನು ಹಿಂದಕ್ಕೆ ಸರಿಸಿ ಮುಂದೆ ಹೋದ.

“ಯಾನೆ ವರಲೆ ಸಾರ್,” ಎಂದವನು, ಆನೆ ಬಂದಿಲ್ಲ, ಗೋಡೆ ಅಲುಗಾಡುತ್ತಿತ್ತು, ಮಕ್ಕಳ ಮೇಲೆ ಬೀಳುತ್ತಿತ್ತು, ಪೋಷಕರೆಲ್ಲ ಸೇರಿ ಕೆಡವಿದೆವು ಎಂದು ತಮಿಳಿನಲ್ಲೇ ಹೇಳಿಬಿಟ್ಟ.

“ನಾನೂ ಇದ್ದೆ,” ಎಂದ ದಾಸಪ್ಪ.

“ಹಾರೆ ತಂದಿದ್ದು ನಾನು,” ಎಂದರು ಪಾರ್ವತಮ್ಮ. ಅವರಿಗೆ ಹಾರೆ ಎತ್ತಲೂ ಆಗುವುದಿಲ್ಲ.

ಒಬ್ಬೊಬ್ಬರೇ ಎದ್ದು ನಿಂತರು. ಅಧಿಕಾರಿ ಎಲ್ಲರನ್ನೂ ನೋಡಿ, ಕೊನೆಗೆ ಅತ್ತಿಗೆಯ ಮುಂದೆ ಬಂದರು. ಅವಳ ಹೆಸರು ಅವರಿಗೂ ಗೊತ್ತಿತ್ತು.

“ಏನಮ್ಮಾ, ಊರಲ್ಲಿ ಏನಾದರೂ ನೀನೇ ಪತ್ತೆ ಹಚ್ಚುತ್ತೀಯಂತೆ,” ಎಂದರು ಅರೆಬರೆ ಕನ್ನಡದಲ್ಲಿ. “ನಿಜ ಹೇಳು, ಇದನ್ನ ಕೆಡವಿದ್ದು ಯಾರು?”

ಮೇಷ್ಟ್ರು ತಲೆ ತಗ್ಗಿಸಿ ನಿಂತಿದ್ದರು.

“ಎಲ್ರೂ ನಾನೇ ಅಂತವ್ರಲ್ಲಾ ಸಾರ್,” ಎಂದಳು ಅತ್ತಿಗೆ ಸೆರಗು ಸರಿಪಡಿಸಿಕೊಳ್ಳುತ್ತ. “ಈ ಒಂದು ಕೇಸು ನನ್ ಕೈಲಿ ಆಗ್ಲಿಲ್ಲ.”

ಅವರು ಉರುಳಿದ ಗೋಡೆಯನ್ನೊಮ್ಮೆ ನೋಡಿ, “ಆನೆ ಬಂದಿಲ್ಲ ಅಂದ್ರೆ ನಮಗೇನು ಕೆಲಸ,” ಎಂದರು. ಮತ್ತೆ ಜೀಪು ಹತ್ತಿದರು.

ಧೂಳು ಇಳಿಯುವ ಮೊದಲೇ ದಾಸಪ್ಪ ಬಿದಿರು ಕಡಿಯುವ ಕತ್ತಿ ತರಲು ಹೊರಟ. “ಸಂಜೆಯೊಳ್ಗೆ ತಡಿಕೆ ಕಟ್ಬೇಕು. ಮೇಷ್ಟ್ರೇ, ನೀವು ಪಾಠ ಮಾಡ್ಹೋಗಿ. ಮುಂದಿನ್ ಭಾನುವಾರ ಮಾತ್ರ ಕಲಸೋಕೆ ಬರ್ಬೇಕು, ನೆಪ ಹೇಳಂಗಿಲ್ಲ!”

ಮೇಷ್ಟ್ರು ತಲೆಯಾಡಿಸಿದರು. ಕಣ್ಣೊರೆಸಿಕೊಂಡು ಹೋಗಿ ಗಂಟೆ ಬಾರಿಸಿದರು. ಟೀಸಿಯ ಮಾತನ್ನು ಯಾರೂ ಎತ್ತಲಿಲ್ಲ.