ಎಡಹಲ್ಲಿನ ಓರೆ

"ಈ ಹಲ್ಲು ಮಾಡಿದೋರು ಯಾರು?"

ಬಾಗಿಲು ಗೋಡೆಗೆ ಬಡಿದ ಸದ್ದಿಗೆ ಅವಳ ಕೈಯಲ್ಲಿದ್ದ ಕುಂಚ ಅಲುಗಿತು. ಪಿಂಗಾಣಿ ಹಲ್ಲಿಗೆ ಕೂದಲೆಳೆಯಷ್ಟು ಬಣ್ಣ ಕೊಡುವ ಹೊತ್ತಿನಲ್ಲಿ ಯಾರಾದರೂ ಹೀಗೆ ನುಗ್ಗುತ್ತಾರಾ!

ತಲೆ ಎತ್ತಿದಳು. ಎತ್ತರದ ಆಳು. ಕಂಕುಳಲ್ಲಿ ಟ್ರಂಪೆಟ್ಟಿನ ಪೆಟ್ಟಿಗೆ, ಕಣ್ಣಲ್ಲಿ ಕೆಂಡ.

"ನಾನೇ. ಏನೀಗ?"

ಅವನು ತಬ್ಬಿಬ್ಬಾದ. ದಪ್ಪ ಕನ್ನಡಕದ ಯಾರೋ ಮುದುಕರನ್ನು ಬೈಯಲು ಸಿದ್ಧನಾಗಿ ಬಂದಿದ್ದನೋ ಏನೋ, ಪಾಪ!

ಮಹಡಿಯ ಮೇಲೆ ಡಾಕ್ಟರಮ್ಮನ ದಂತ ಚಿಕಿತ್ಸಾಲಯ, ಕೆಳಗೆ ಈ ಹುಡುಗಿಯ ಚಿಕ್ಕಪ್ಪನ ಹಲ್ಲು ಮಾಡುವ ಲ್ಯಾಬು. ಮೇಲಿನಿಂದ ರೋಗಿಗಳ ಹಲ್ಲಿನ ಅಚ್ಚು ಬರುತ್ತದೆ, ಕೆಳಗಿನಿಂದ ಹೊಸ ನಗು ಹೋಗುತ್ತದೆ. ಆ ನಗುವನ್ನೆಲ್ಲ ಮಾಡುವವಳು ಇವಳೇ. ಚಿಕ್ಕಪ್ಪ ಅವಳನ್ನು ಕರೆಯುವುದು ಮುತ್ತು ಎಂದು. ರೋಗಿಗಳನ್ನು ಮಾತ್ರ ಅವಳು ನೋಡಿದ್ದೇ ಇಲ್ಲ. ಅವಳಿಗೆ ಅವರೆಲ್ಲ ಬರೀ ನಂಬರು.

ಬಾಯಲ್ಲಿದ್ದ ಹಲ್ಲು ನೋಡಿದ್ದೇ ಗುರುತು ಹತ್ತಿತು, ಇವನು ನಂಬರು ನಲವತ್ತೊಂದು. ಬೈಕಿನಿಂದ ಬಿದ್ದು ಮೇಲಿನ ಮುಂದಿನ ಎರಡು ಹಲ್ಲು ಮುರಿದಿದ್ದವು, ಪಕ್ಕದ ನಾಲ್ಕರ ಅಂಚು ಹಾರಿತ್ತು. ಎರಡಕ್ಕೆ ಕ್ಯಾಪು, ನಾಲ್ಕಕ್ಕೆ ವೆನೀರು, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಪಿಂಗಾಣಿ. ಅದೇ ಆಕಾರದ ತಾತ್ಕಾಲಿಕ ಹಲ್ಲು ಈಗ ಅವನ ಬಾಯಲ್ಲಿತ್ತು. ಖಾಯಂ ಆಗಿ ಅಂಟಿಸುವುದು ನಾಳೆ.

"ನೋಡೋಕೆ ಚೆನ್ನಾಗಿದೆ ಮೇಡಂ. ಆದ್ರೆ ಊದಿದ್ರೆ ಗಾಳಿ ಎಲ್ಲೆಲ್ಲೋ ಸೋರತ್ತೆ. ಮೇಲಿನ ಸ್ವರ ಹತ್ತೋದೇ ಇಲ್ಲ. ಶುಕ್ರವಾರ ಬ್ಯಾಂಡಲ್ಲಿ ಪರೀಕ್ಷೆ. ಫೇಲಾದ್ರೆ ಹನ್ನೊಂದು ವರ್ಷ ಕೂತ ಮೊದಲನೇ ಕುರ್ಚಿ, ಅಂದ್ರೆ ಮುಖ್ಯ ವಾದಕನ ಜಾಗ, ಬೇರೆಯವರಿಗೆ ಹೋಗತ್ತೆ."

"ಹಳೇ ಫೋಟೋದಲ್ಲಿದ್ದ ಹಾಗೇ ಬೇಕು ಅಂದಿದ್ರಿ. ಹಾಗೇ ಮಾಡಿದೀನಿ. ಆ ಓರೆ ಹಲ್ಲನ್ನೂ ಬಿಟ್ಟಿಲ್ಲ."

"ಆದ್ರೂ ಕನ್ನಡೀಲಿ ಬೇರೆ ಯಾರೋ ನಗ್ತಿದ್ದ ಹಾಗೆ ಕಾಣತ್ತೆ..."

ಅವಳಿಗೆ ಸಿಟ್ಟು ನೆತ್ತಿಗೇರಿತು. ಎಂಟು ವರ್ಷದಲ್ಲಿ ಅವಳ ಕೆಲಸಕ್ಕೆ ಯಾರೂ ಬೆರಳು ತೋರಿಸಿರಲಿಲ್ಲ.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಳಂತೆ!"

ಅವನ ಮುಖದ ಕೆಂಡವೆಲ್ಲ ಆರಿಹೋಯಿತು.

"ನಿನ್ನೆ ನಮ್ಮ ಬ್ಯಾಂಡ್ ಮೇಷ್ಟ್ರೂ ಹೆಚ್ಚು ಕಡಿಮೆ ಇದನ್ನೇ ಹೇಳಿದ್ರು," ಎಂದು ಮೆಲ್ಲಗೆ ಹೇಳಿ, ಬಾಗಿಲನ್ನು ಸದ್ದಾಗದಂತೆ ಮುಚ್ಚಿಕೊಂಡು ಹೋದ.

ಬಡಿದುಕೊಂಡು ಹೋಗಿದ್ದರೇ ವಾಸಿಯಿತ್ತು!

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು," ಎಂದರು ಮೂಲೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ. "ನಮ್ಮ ಮುತ್ತು ಮಾತ್ರ ಎಷ್ಟು ಮಾತಾಡಿದ್ರೂ ಒಡೆಯಲ್ಲ ನೋಡು!"

ಅವಳು ನಗಲಿಲ್ಲ. ಕಂಪ್ಯೂಟರಿನಲ್ಲಿ ನಲವತ್ತೊಂದರ ಫೋಟೋ ತೆಗೆದಳು. ಪ್ರತಿ ಸಲವೂ ಫೋಟೋ ಬಂದ ತಕ್ಷಣ ತುಟಿಯಿಂದಾಚೆ ಇರುವುದನ್ನೆಲ್ಲ ಕತ್ತರಿಸಿ, ಹಲ್ಲನ್ನಷ್ಟೇ ದೊಡ್ಡದು ಮಾಡಿ ಕೆಲಸಕ್ಕೆ ಕೂರುವುದು ಅವಳ ರೂಢಿ. ಇವತ್ತು ಮೊದಲ ಬಾರಿಗೆ ಪೂರ್ತಿ ಫೋಟೋ ನೋಡಿದಳು.

ಎಂಥ ನಗು! ಕಣ್ಣು ಮೂಗು ಎಲ್ಲ ಸೇರಿ ನಗುತ್ತಿದ್ದವು. ಹಿಂದೆ ದೊಡ್ಡ ಡ್ರಮ್ಮು. ಅದರ ಮೇಲೆ ಬ್ಯಾಂಡಿನ ಹೆಸರು...

ಓದಲಾಗಲಿಲ್ಲ. ಅಕ್ಷರಗಳೆಲ್ಲ ತಿರುಗುಮುರುಗಾಗಿದ್ದವು!

ಅವಳ ಎದೆ ಧಸಕ್ಕೆಂದಿತು. ಸೆಲ್ಫಿ! ಫೋನು ಎಡವನ್ನು ಬಲ ಮಾಡಿ ತೋರಿಸಿತ್ತು. ಅವನ ಎಡಹಲ್ಲಿನ ಓರೆಯನ್ನು ಅವಳು ಬಲಹಲ್ಲಿಗೆ ಕೊಟ್ಟುಬಿಟ್ಟಿದ್ದಳು. ಹನ್ನೊಂದು ವರ್ಷ ಗಾಳಿ ಹೋಗುತ್ತಿದ್ದ ಸಂದಿಗೆ ಅವಳೇ ಗೋಡೆ ಕಟ್ಟಿದ್ದಳು!

"ಫೋಟೋ ಕೊಟ್ಟಿದ್ದು ಅವನೇ ಅಲ್ವೇನೇ? ನಮ್ಮ ತಪ್ಪೇನಿದೆ?" ಎಂದರು ಚಿಕ್ಕಪ್ಪ.

"ಡ್ರಮ್ಮಿನ ಮೇಲಿನ ಹೆಸರು ನೋಡಿದ್ರೆ ಮಗೂಗೂ ಗೊತ್ತಾಗ್ತಿತ್ತು ಚಿಕ್ಕಪ್ಪ. ನಾನು ಹಲ್ಲು ನೋಡಿದೆ, ಮನುಷ್ಯನ್ನ ನೋಡಲಿಲ್ಲ. ಆರೂ ಹೊಸದಾಗಿ ಮಾಡ್ತೀನಿ."

"ಶುಕ್ರವಾರದೊಳಗಾ? ಹುಚ್ಚು ಹಿಡಿದಿದೆಯಾ?"

"ಹಿಡಿದಿದೆ ಅಂತಾನೇ ಇಟ್ಕೊಳ್ಳಿ."

ಅವಳು ಆಗಲೇ ಚಪ್ಪಲಿ ಮೆಟ್ಟಿದ್ದಳು.

ಬ್ಯಾಂಡಿನ ಅಭ್ಯಾಸದ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಮೊದಲ ಸಾಲಿನ ಕುರ್ಚಿಯಲ್ಲಲ್ಲ, ಕೊನೆಯ ಸಾಲಿನಲ್ಲಿ. ಟ್ರಂಪೆಟ್ಟು ತೊಡೆಯ ಮೇಲೆ ಸುಮ್ಮನೆ ಮಲಗಿತ್ತು.

"ನೆಲ ನಿಜವಾಗ್ಲೂ ಡೊಂಕಿತ್ತು," ಎಂದಳು ಏದುಸಿರು ಬಿಡುತ್ತ. "ಡೊಂಕು ಮಾಡಿದ್ದು ನಾನೇ. ತಪ್ಪಾಯ್ತು."

ಫೋಟೋದ ಕಥೆಯನ್ನೆಲ್ಲ ಹೇಳಿದಳು. ಬೈಯುತ್ತಾನೆ ಎಂದುಕೊಂಡಿದ್ದಳು. ಬೈಯಲಿ ಎಂದೇ ನಿಂತಿದ್ದಳು. ಅವನ ಕಣ್ಣಂಚು ಒದ್ದೆಯಾಯಿತು.

"ಹಾಗಾದ್ರೆ... ನಾನು ಊದೋದು ಕೆಟ್ಟಿಲ್ವಾ?"

ಎರಡು ವಾರದಿಂದ ಈ ಮನುಷ್ಯ ತನ್ನ ವಿದ್ಯೆಯೇ ಹೋಯಿತೆಂದು ಒಳಗೊಳಗೇ ಸಾಯುತ್ತಿದ್ದ. ಅದರ ಮೇಲೆ ಅವಳು ಗಾದೆ ಬೇರೆ ಹೇಳಿದ್ದಳು! ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಕೆಟ್ಟಿಲ್ಲ. ನಾಳೆ ಬೆಳಿಗ್ಗೆ ಟ್ರಂಪೆಟ್ ತಗೊಂಡು ಕ್ಲಿನಿಕ್ಕಿಗೆ ಬನ್ನಿ."

"ಕ್ಲಿನಿಕ್ಕಿಗೆ ಟ್ರಂಪೆಟ್ಟಾ?"

"ಈ ಸಲ ಫೋಟೋ ನಂಬಲ್ಲ. ನಿಮ್ಮ ಸ್ವರಾನೇ ನಂಬ್ತೀನಿ."

ಬುಧವಾರ ಆ ಚಿಕಿತ್ಸಾಲಯ ಕಂಡ ಗಲಾಟೆಯನ್ನು ಹಿಂದೆಂದೂ ಕಂಡಿರಲಿಲ್ಲ. ಡಾಕ್ಟರಮ್ಮ ಹೊಸ ತಾತ್ಕಾಲಿಕ ಹಲ್ಲು ಕೂರಿಸಿದರು. ಅವನು ಊದಿದ. ಅವಳು ನೋಡಿ ಗುರುತು ಹಾಕಿದಳು, ಡಾಕ್ಟರಮ್ಮ ಒಂದಿಷ್ಟು ಉಜ್ಜಿದರು.

"ಇನ್ನೊಂದ್ಸಲ."

ಊದಿದ. ಸ್ವರ ಮುರಿಯಿತು.

"ಇನ್ನೊಂದ್ಸಲ."

ಹೊರಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಇಣುಕಿದರು. "ಯಾಕಮ್ಮಾ, ನೋವಾಗ್ತಿದೆ ಅಂತ ಹೀಗೆ ಕೂಗ್ತಿದಾನಾ?"

ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. ಅವನ ತುಟಿ ಬಾತಿತ್ತು. ಆದರೂ ಅವಳು "ಸಾಕು" ಅನ್ನಲಿಲ್ಲ, ಅವನು "ಆಗಲ್ಲ" ಅನ್ನಲಿಲ್ಲ. ಇಬ್ಬರದ್ದೂ ಒಂದೇ ಹಟ. ಗುರುತು ಹಾಕುವಾಗ ಅವನ ಉಸಿರು ಬೆರಳಿಗೆ ತಾಗಿ ಅವಳ ಎದೆ ಡವಗುಟ್ಟುತ್ತಿತ್ತು. 'ಕೆಲಸ ನೋಡೇ!' ಎಂದು ತನಗೆ ತಾನೇ ಗದರಿಕೊಂಡಳು. ಅವನೋ, ಹುಬ್ಬು ಗಂಟಿಕ್ಕಿದ ಈ ಮುಖವನ್ನು ಇಷ್ಟು ಹತ್ತಿರದಿಂದ ನೋಡಬಹುದಾದರೆ ಇನ್ನೂ ನೂರು ಸಲ ಊದುತ್ತೇನೆ ಎಂದುಕೊಳ್ಳುತ್ತಿದ್ದ!

ಮಧ್ಯಾಹ್ನ ಮೂರರ ಹೊತ್ತಿಗೆ ಆ ಸ್ವರ ಹತ್ತಿತು. ಮೇಲೆ, ಇನ್ನೂ ಮೇಲೆ, ಒಡೆಯದೆ, ನಡುಗದೆ... ಕಿಟಕಿಯ ಗಾಜು ಗುಂಯ್‌ಗುಟ್ಟಿತು.

ಅವಳು ಆ ಆಕಾರದ ಅಚ್ಚನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಳಿದಳು. ಗುರುವಾರ ಸಂಜೆಯೊಳಗೆ ಆರೂ ಪಿಂಗಾಣಿ ಕುಲುಮೆಯಿಂದ ಬಂದವು, ಅವನ ಬಾಯಿ ಸೇರಿದವು.

ಶುಕ್ರವಾರ ಪರೀಕ್ಷೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಅವಳು ಉಗುರು ಕಚ್ಚುತ್ತ ಕೂತಿದ್ದಳು. ಒಳಗಿನಿಂದ ಸ್ವರ ಏರಿತು. ಒಂದು ಕಡೆ ಚೂರು ಅಳುಕಿತು... ಅವಳ ಉಸಿರೇ ನಿಂತಿತು. ಮರುಕ್ಷಣ ಅದು ನೇರವಾಗಿ ಎದ್ದು ನಿಂತಿತು.

ಅವನು ಹೊರಬಂದ.

"ಕುರ್ಚಿ?"

"ನಂದೇ. ಮೇಷ್ಟ್ರು ಕೈ ಕುಲುಕಿದ್ರು."

ಅವಳು ಅತ್ತೇಬಿಟ್ಟಳು. ಅವನು ಗಾಬರಿಯಾಗಿ ಕರವಸ್ತ್ರ ಹುಡುಕಿದ, ಸಿಗಲಿಲ್ಲ.

"ಡಾಕ್ಟರಮ್ಮ ಆರು ತಿಂಗಳು ಬಿಟ್ಟು ತೋರಿಸೋಕೆ ಬನ್ನಿ ಅಂದಿದಾರೆ," ಎಂದ ತಡವರಿಸುತ್ತ. "ನಂಗೆ ಅಷ್ಟು ದಿನ..."

"ತಡೀರಿ. ನಾನು ಮೊದಲು ಹೇಳ್ತೀನಿ." ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. "ನೀವು ನಂಗೆ ಇಷ್ಟ. ಸಿಟ್ಟಾಗಿ ಬಾಗಿಲು ಬಡಿದ್ರೂ ಇಷ್ಟ, ನೊಂದ್ಕೊಂಡು ಸುಮ್ಮನೆ ಮುಚ್ಕೊಂಡು ಹೋದ್ರೂ ಇಷ್ಟ. ನೀವು ಬರೀ ರೋಗಿಯಾಗಿ ಬರೋದಾದ್ರೆ ಆರು ತಿಂಗಳಿಗೂ ಬರೋದು ಬೇಡ."

ಅವನು ಟ್ರಂಪೆಟ್ಟಿನ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟ. ಆಮೇಲೆ ಮೆಲ್ಲಗೆ ಕೇಳಿದ.

"ಲ್ಯಾಬ್ ಬಾಗಿಲು ಎಷ್ಟೊತ್ತಿಗೆ ತೆಗೀತೀರಾ?"

"ಒಂಬತ್ತಕ್ಕೆ."

"ನಾಳೆ ಎಂಟಕ್ಕೇ ಬಂದು ನಿಂತಿರ್ತೀನಿ."

"ಎಂಟಕ್ಕೆ ಚಿಕ್ಕಪ್ಪ ಒಬ್ರೇ ಇರ್ತಾರೆ. ನಾನು ಬಂದಿರಲ್ಲ."

"ಹಾಗಾದ್ರೆ ಒಳ್ಳೇದೇ ಆಯ್ತು," ಎಂದ ಅವನು. "ನಂಗೆ ಮೊದಲು ಅವರ ಹತ್ರಾನೇ ಮಾತಾಡ್ಬೇಕು."